ಬಾಖ್‌ನ ನೃತ್ಯ ಸಂಗೀತದ ರೆಕಾರ್ಡಿಂಗ್: ವೇಗ, ಶ್ರುತಿ, ಭಾವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಮೊಬೈಲ್‌ಗಳಲ್ಲಿ ಒಂದು ರಿಂಗ್‌ಟೋನ್ ಇತ್ತು. ಮೇಲಿನ ಸ್ವರದಿಂದ ಚಕಚಕನೆ ಮೆಟ್ಟಿಲಿಳಿದು ಬರುವ ಧಾಟಿ. ಎಷ್ಟೋ ಜನರಿಗೆ ಅದು ಬಾಯಿಪಾಠ, ಹೆಸರು ಮಾತ್ರ ಗೊತ್ತಿಲ್ಲ. ಅದು ಬಾದಿನರಿ. ಜರ್ಮನಿಯ ಸಂಗೀತ ರಚನಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಬರೆದ ಎರಡನೇ ಆರ್ಕೆಸ್ಟ್ರಾ ಸೂಟ್‌ನ ಕೊನೆಯ ತುಣುಕು.

ಅದನ್ನು ಹುಡುಕಿಕೊಂಡು ಹೋದವರಿಗೆ ಇಡೀ ಸೂಟ್ ಸಿಗುತ್ತದೆ. ಒಂದಲ್ಲ, ಹತ್ತಾರು ರೆಕಾರ್ಡಿಂಗ್ ಸಿಗುತ್ತವೆ. ಗೊಂದಲವೂ ಅಲ್ಲೇ ಶುರು. ಕವರ್ ಮೇಲೆ ಒಂದು ಕೀ, ಸಂಗೀತ ಕೇಳಿ ಅಳೆಯುವ ಆ್ಯಪ್‌ನಲ್ಲಿ ಇನ್ನೊಂದು ಕೀ. ಕೀ ಅಂದರೆ ತುಣುಕಿನ ಷಡ್ಜ ಯಾವ ಸ್ವರ, ಸ್ವರಗಳ ಗುಂಪು ಮೇಜರ್ರಾ ಮೈನರ್ರಾ ಅನ್ನುವುದು. ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಅಂಕಿ, ನೋಡಿದರೆ ಕಿವಿಗೆ ಕೇಳಿದ್ದಕ್ಕೂ ಅದಕ್ಕೂ ತಾಳೆಯಿಲ್ಲ. ಮೈನರ್ ಅಂತ ಬರೆದಿದೆ, ಕೇಳಿದರೆ ಖುಷಿಯಾಗುತ್ತದೆ. ನನ್ನನ್ನು ಕೇಳುವವರ ಪ್ರಶ್ನೆಗಳೂ ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ. ಹಾಗಾಗಿ ಮುಖ್ಯವಾಗಿ ಈ ಒಂದು ಸೂಟನ್ನೇ ಎದುರಿಗಿಟ್ಟುಕೊಂಡು ಉತ್ತರ ಬರೆದಿದ್ದೇನೆ.

ಮೊದಲಿಗೆ, ಈ ಸೂಟ್ ಅಂದರೆ ಏನು?

ನೃತ್ಯದ ತುಣುಕುಗಳ ಸರಮಾಲೆ. ಮೊದಲು ಓವರ್ಚರ್ ಅನ್ನುವ ಒಂದು ದೊಡ್ಡ ಪೀಠಿಕೆ, ಆಮೇಲೆ ಒಂದರ ಹಿಂದೆ ಒಂದು ಚಿಕ್ಕ ನೃತ್ಯಗಳು. ಬಾಖ್‌ನ ಇಂಥ ನಾಲ್ಕು ಸೂಟ್‌ಗಳು ಉಳಿದಿವೆ. ಅವನ ಕೃತಿಪಟ್ಟಿಯಲ್ಲಿ ಬಿಡಬ್ಲ್ಯುವಿ 1066ರಿಂದ 1069. ಎರಡನೆಯದು, ಅಂದರೆ 1067, ಬಿ ಮೈನರ್‌ನಲ್ಲಿದೆ. ವಾದ್ಯಗಳು ಕಡಿಮೆ: ಒಂದು ಕೊಳಲು, ತಂತಿವಾದ್ಯಗಳು, ಜೊತೆಗೆ ಹಾರ್ಪ್ಸಿಕಾರ್ಡ್ (ತಂತಿ ಮೀಟುವ ಹಳೇ ಕೀಬೋರ್ಡ್ ವಾದ್ಯ). ಓವರ್ಚರ್ ಆದ ಮೇಲೆ ರೊಂಡೊ, ಸರಬಾಂದ್, ಎರಡು ಬೂರೆ, ಪೊಲೊನೇಸ್ ಮತ್ತು ಅದರ ಡಬಲ್ (ಅದೇ ತುಣುಕಿನ ಅಲಂಕರಿಸಿದ ಇನ್ನೊಂದು ರೂಪ), ಮಿನುಯೆಟ್, ಕೊನೆಗೆ ಬಾದಿನರಿ.

ಇದಕ್ಕೆ ಯಾರಾದರೂ ನಿಜವಾಗಿ ಕುಣಿಯುತ್ತಿದ್ದರಾ?

ಇದೇ ಸಂಗೀತಕ್ಕೆ ಅಲ್ಲ. ಇದು ಕೂತು ಕೇಳುವುದಕ್ಕೆ ಬರೆದದ್ದು. ನಮಗೆ ಉಳಿದಿರುವ ಹಸ್ತಪ್ರತಿ 1738–39ರ ಸುಮಾರಿನದು. ಆಗ ಬಾಖ್ ಜರ್ಮನಿಯ ಲೈಪ್ಸಿಗ್‌ನಲ್ಲಿದ್ದ. ಅಲ್ಲಿ ವಿದ್ಯಾರ್ಥಿಗಳೂ ವೃತ್ತಿಪರರೂ ಸೇರಿ ನುಡಿಸುವ ಕೊಲೇಜಿಯಂ ಮ್ಯೂಸಿಕಂ ಅನ್ನುವ ತಂಡವಿತ್ತು. ಸಂಗೀತ ರಚನಕಾರ ಟೆಲೆಮಾನ್ ಕಟ್ಟಿದ ಆ ತಂಡವನ್ನು 1729ರಲ್ಲಿ ಬಾಖ್ ವಹಿಸಿಕೊಂಡ. ಕಥರೀನನ್‌ಸ್ಟ್ರಾಸೆಯಲ್ಲಿದ್ದ ಝಿಮ್ಮರ್‌ಮಾನ್ ಕಾಫಿ ಹೌಸಿನಲ್ಲಿ ವಾರವಾರ ಕಛೇರಿ. ಚಳಿಗಾಲದಲ್ಲಿ ಶುಕ್ರವಾರ ರಾತ್ರಿ 8ರಿಂದ 10. ಬೇಸಿಗೆಯಲ್ಲಿ ಬುಧವಾರ ಸಂಜೆ, ಊರ ಬಾಗಿಲಾಚೆಯ ಕಾಫಿ ತೋಟದಲ್ಲಿ. ಆ ಕಟ್ಟಡ ಈಗ ಇಲ್ಲ. 1943ರ ಡಿಸೆಂಬರ್‌ನ ಬಾಂಬ್ ದಾಳಿಯಲ್ಲಿ ಹೋಯಿತು.

ಆದರೆ ಒಂದು ಮಾತು. ಅಲ್ಲಿ ಕಾಫಿ ಕುಡಿಯುತ್ತ ಕೂತವರಲ್ಲಿ ಎಷ್ಟೋ ಜನರಿಗೆ ಮಿನುಯೆಟ್ ಹೆಜ್ಜೆ ಕಾಲಿನಲ್ಲೇ ಇತ್ತು. ಆ ಕಾಲದ ಮಧ್ಯಮವರ್ಗದ ಮನೆಗಳಲ್ಲಿ ನೃತ್ಯ ಕಲಿಯುವುದು ಸಾಮಾನ್ಯ ಸಂಗತಿ. ಕೂತು ಕೇಳಿದರೂ ಮೈ ಹೆಜ್ಜೆ ಎಣಿಸುತ್ತಿತ್ತು. ಮುಂದಿನ ಉತ್ತರಗಳಲ್ಲಿ ನಾನು ಮತ್ತೆ ಮತ್ತೆ ಬರುವುದು ಈ ವಿಷಯಕ್ಕೇ.

ಕವರ್ ಮೇಲೆ ಬಿ ಮೈನರ್ ಅಂತಿದೆ. ಆ್ಯಪ್ ಬಿ ಫ್ಲ್ಯಾಟ್ ಮೈನರ್ ಅನ್ನುತ್ತದೆ. ಯಾವುದು ಸರಿ?

ಎರಡೂ ಸರಿ. ಇದೇ ಎಲ್ಲರೂ ಕೇಳುವ ಪ್ರಶ್ನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನಗೂ ಇದು ಮೊದಲು ಎದುರಾದದ್ದು ಕೀಬೋರ್ಡ್ ಮುಂದೆ ಕೂತಾಗ. ಬಾದಿನರಿ ಹಚ್ಚಿಕೊಂಡು, ಬಿ ಮೈನರ್ ಅಲ್ವಾ ಅಂತ ಬಿ ಸ್ವರ ಒತ್ತಿದೆ. ರೆಕಾರ್ಡಿಂಗ್ ಕೆಳಗಿತ್ತು. ಪಕ್ಕದ ಕಪ್ಪು ಮನೆ ಒತ್ತಿದೆ. ಕೂತುಕೊಂಡಿತು. ಕೀಬೋರ್ಡ್ ಕೆಟ್ಟಿದೆ ಅಂದುಕೊಂಡು ಆ ದಿನವೆಲ್ಲ ಅದರ ಸೆಟ್ಟಿಂಗ್ ಹುಡುಕಿದ್ದೇ ಹುಡುಕಿದ್ದು. ಕೀಬೋರ್ಡ್ ಸರಿಯಾಗೇ ಇತ್ತು. ತಂಡವೇ ಶ್ರುತಿ ಇಳಿಸಿ ನುಡಿಸಿತ್ತು.

ಇವತ್ತಿನ ಪಿಯಾನೊ, ಕೀಬೋರ್ಡ್, ಗಿಟಾರ್ ಎಲ್ಲದಕ್ಕೂ ಎ ಸ್ವರ 440 ಹರ್ಟ್ಸ್. 1939ರಲ್ಲಿ ಲಂಡನ್‌ನಲ್ಲಿ ನಡೆದ ಸಭೆಯಲ್ಲಿ ಆದ ಒಪ್ಪಂದ ಅದು. ಬರೋಕ್ ಕಾಲದ, ಅಂದರೆ ಬಾಖ್‌ನ ಕಾಲದ, ಮಾದರಿಯ ವಾದ್ಯಗಳನ್ನು ನುಡಿಸುವ ತಂಡಗಳು ಸಾಮಾನ್ಯವಾಗಿ ಎ ಸ್ವರವನ್ನು 415ಕ್ಕೆ ಇಡುತ್ತವೆ. 440ರಿಂದ 415ಕ್ಕೆ ಇಳಿದರೆ ಸರಿಯಾಗಿ ಅರ್ಧ ಸ್ವರ ಇಳಿದ ಹಾಗೆ. ವಾದಕರ ಬೆರಳು ಬಿ ಮೈನರ್‌ನಲ್ಲೇ ಓಡುತ್ತಿದೆ. ಹಾಳೆ ಮೇಲೂ ಬಿ ಮೈನರ್. ಆದರೆ 440ರ ಅಳತೆ ಇಟ್ಟುಕೊಂಡ ಆ್ಯಪ್‌ಗೆ ಕೇಳಿಸುವುದು ಬಿ ಫ್ಲ್ಯಾಟ್ ಮೈನರ್. ಅದಕ್ಕೆ ಬರವಣಿಗೆ ಗೊತ್ತಿಲ್ಲ, ಶಬ್ದ ಮಾತ್ರ ಗೊತ್ತು.

ನಮ್ಮ ಯಕ್ಷಗಾನದಲ್ಲಿ ಒಬ್ಬ ಭಾಗವತರು ಬಿಳಿ ಐದಕ್ಕೆ ಹಾಡುತ್ತಾರೆ, ಇನ್ನೊಬ್ಬರು ಕಪ್ಪು ಮೂರಕ್ಕೆ. ಪದ್ಯ ಅದೇ, ರಾಗ ಅದೇ. ಯಾರೂ ರಾಗ ಬದಲಾಯಿತು ಅನ್ನುವುದಿಲ್ಲ. ಸದ್ಯಕ್ಕೆ ಹಾಗೇ ಅಂದುಕೊಳ್ಳಿ. ಈ ಹೋಲಿಕೆ ಎಲ್ಲಿ ನಿಲ್ಲುವುದಿಲ್ಲ ಅನ್ನುವುದನ್ನು ಮುಂದೆ ಹೇಳುತ್ತೇನೆ.

415 ಅನ್ನುವುದು ಬಾಖ್ ಕಾಲದ ನಿಯಮವಾ?

ಅಲ್ಲ. ಆಗ ಒಂದು ನಿಯಮ ಅಂತಲೇ ಇರಲಿಲ್ಲ. ಊರಿಗೊಂದು ಶ್ರುತಿ. ಒಂದೇ ಊರಿನ ಚರ್ಚಿನಲ್ಲೂ ಆರ್ಗನ್‌ನ ಶ್ರುತಿ ಮೇಲೆ, ಊದುವ ವಾದ್ಯಗಳದ್ದು ಕೆಳಗೆ. ಬಾಖ್ ಆರ್ಗನ್ ವಾದಕನಿಗೆ ಬೇರೆ ಕೀಯಲ್ಲಿ ಹಾಳೆ ಬರೆಸಿಕೊಡಬೇಕಾಗುತ್ತಿತ್ತು. ಫ್ರಾನ್ಸಿನಲ್ಲಿ ಇನ್ನೂ ಕೆಳಗಿನ ಶ್ರುತಿಯೂ ಇತ್ತು. ಅದನ್ನು ಈಗಿನ ತಂಡಗಳು 392 ಅಂತ ಹಿಡಿಯುತ್ತವೆ. ಅಂದರೆ 440ಕ್ಕಿಂತ ಒಂದು ಪೂರ್ತಿ ಸ್ವರ ಕೆಳಗೆ. 392ರಲ್ಲಿ ನುಡಿಸಿದ ರೆಕಾರ್ಡಿಂಗ್ ಸಿಕ್ಕರೆ ಇದೇ ಸೂಟನ್ನು ಆ್ಯಪ್ ಎ ಮೈನರ್ ಅಂತ ತೋರಿಸುತ್ತದೆ.

415 ಚಲಾವಣೆಗೆ ಬಂದದ್ದು 20ನೇ ಶತಮಾನದಲ್ಲಿ, ಅನುಕೂಲಕ್ಕಾಗಿ. ಆಗಿನ ಜರ್ಮನ್ ವಾದ್ಯಗಳ ಶ್ರುತಿಗೂ ಹತ್ತಿರ, ಇವತ್ತಿನದಕ್ಕಿಂತ ಲೆಕ್ಕವಾಗಿ ಅರ್ಧ ಸ್ವರ ಕೆಳಗೆ. ಹಾರ್ಪ್ಸಿಕಾರ್ಡಿನ ಮನೆಗಳ ಸಾಲನ್ನು ಒಂದು ತಂತಿಯಷ್ಟು ಪಕ್ಕಕ್ಕೆ ಸರಿಸಿದರೆ 415ರಿಂದ 440ಕ್ಕೆ ಹೋಗಬಹುದು.

ರೆಕಾರ್ಡಿಂಗ್ ಜೊತೆ ನಾನೂ ನುಡಿಸಬೇಕು. ಏನು ಮಾಡಲಿ?

ಸುಲಭ. ಶ್ರುತಿ ಬದಲಿಸುವ ಯಾವ ಆ್ಯಪ್ ಆದರೂ ಸರಿ, 415ರ ರೆಕಾರ್ಡಿಂಗನ್ನು ಒಂದು ಅರ್ಧ ಸ್ವರ ಮೇಲೆತ್ತಿ. ನಿಮ್ಮ ಕೊಳಲು, ಕೀಬೋರ್ಡ್ ಜೊತೆ ಕೂಡುತ್ತದೆ. ವೇಗ ಬದಲಾಗದ ಹಾಗೆ ನೋಡಿಕೊಳ್ಳಿ. ಅಥವಾ ಕೀಬೋರ್ಡನ್ನೇ ಅರ್ಧ ಸ್ವರ ಇಳಿಸಿ. ನನಗೆ ಎರಡನೆಯದೇ ಇಷ್ಟ. ಮೇಲೆತ್ತಿದ ಹಳೇ ಕೊಳಲಿನ ದನಿ ಸ್ವಲ್ಪ ಬಿಗಿದ ಹಾಗೆ ಕೇಳಿಸುತ್ತದೆ.

ಆ್ಯಪ್ ಕೆಲವೊಮ್ಮೆ ಡಿ ಮೇಜರ್ ಅಂತಲೂ ತೋರಿಸುತ್ತದೆ. ಅದು ಹೇಗೆ?

ಬಿ ಮೈನರ್ ಮತ್ತು ಡಿ ಮೇಜರ್ ಎರಡಕ್ಕೂ ಸ್ವರಗಳ ಗುಂಪು ಒಂದೇ. ಎರಡರಲ್ಲೂ ಎರಡು ಶಾರ್ಪ್, ಅಂದರೆ ಅರ್ಧ ಸ್ವರ ಮೇಲೇರಿಸಿದ ಸ್ವರ. ಷಡ್ಜ ಯಾವುದು ಅನ್ನುವುದಷ್ಟೇ ವ್ಯತ್ಯಾಸ. ಗ್ರಹಭೇದ ಗೊತ್ತಿರುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸ್ವರ ಎಣಿಸುವ ಯಂತ್ರಕ್ಕೆ ಷಡ್ಜ ಹಿಡಿಯುವುದು ಕಷ್ಟ. ತುಣುಕು ಯಾವ ಸ್ವರದ ಮೇಲೆ ಬಂದು ನಿಲ್ಲುತ್ತದೆ ಅಂತ ಕಿವಿಗೊಟ್ಟು ಕೇಳಿ, ಅದೇ ಉತ್ತರ.

ಬಾದಿನರಿಗೆ ಒಂದು ಕಡೆ 60 ಬಿಪಿಎಂ, ಇನ್ನೊಂದು ಕಡೆ 120 ಅಂತಿದೆ. ನಿಜವಾದ ವೇಗ ಯಾವುದು?

ಇದನ್ನು ನೀವೇ ಅಳೆಯಬಹುದು. ಗಡಿಯಾರ ಸಾಕು.

ಬಾದಿನರಿಯ ಲಯ 2/4. ಬಾರ್ ಅಂದರೆ ತಾಳದ ಒಂದು ಸುತ್ತು. ಒಂದು ಬಾರ್‌ಗೆ ಎರಡು ಬೀಟ್. ಒಟ್ಟು 40 ಬಾರ್. ಮೊದಲ ಭಾಗ 16, ಎರಡನೇ ಭಾಗ 24. ಎರಡನ್ನೂ ಎರಡೆರಡು ಸಲ ನುಡಿಸಬೇಕು ಅಂತ ಗುರುತಿದೆ. ಅಲ್ಲಿಗೆ 80 ಬಾರ್, 160 ಬೀಟ್. ಈಗ ರೆಕಾರ್ಡಿಂಗ್ ಎಷ್ಟು ಉದ್ದ ನೋಡಿ. 1 ನಿಮಿಷ 20 ಸೆಕೆಂಡ್ ಇದ್ದರೆ, 80 ಸೆಕೆಂಡಿಗೆ 160 ಬೀಟ್. ನಿಮಿಷಕ್ಕೆ 120. ಒಂದೂವರೆ ನಿಮಿಷ ಇದ್ದರೆ ಸುಮಾರು 107. ಕೊನೆಯಲ್ಲಿ ಸ್ವಲ್ಪ ನಿಧಾನ ಮಾಡುತ್ತಾರೆ, ಹಾಗಾಗಿ ಒಂದೆರಡು ಆಚೀಚೆ ಆಗಬಹುದು. ರೆಕಾರ್ಡಿಂಗ್ ತುಂಬ ಚಿಕ್ಕದಿದ್ದರೆ ಪುನರಾವರ್ತನೆ ಬಿಟ್ಟಿದ್ದಾರಾ ಅಂತ ನೋಡಿಕೊಳ್ಳಿ.

60 ಅಂತ ತೋರಿಸುವ ಆ್ಯಪ್ ಬಾರ್‌ಗೆ ಒಂದೇ ಪೆಟ್ಟು ಎಣಿಸಿದೆ, ಅಷ್ಟೆ. ಕೆಲವು 240 ಅಂತಲೂ ಹೇಳುತ್ತವೆ. ಅವು ಅರ್ಧ ಬೀಟನ್ನೂ ಎಣಿಸಿವೆ. ಡ್ರಮ್ ಇರುವ ಹಾಡಿನಲ್ಲಿ ಯಂತ್ರಕ್ಕೆ ಒಂದು ದಾರಿ ಸಿಗುತ್ತದೆ. ಇಲ್ಲಿ ಡ್ರಮ್ ಇಲ್ಲ. ಬಿಲ್ಲಿನ ಎಳೆತ, ಹಾರ್ಪ್ಸಿಕಾರ್ಡಿನ ಚಿಟಿಕೆ, ಅಷ್ಟರಲ್ಲೇ ಅದು ಊಹಿಸಬೇಕು.

ಓವರ್ಚರ್‌ಗೆ ಆ್ಯಪ್ ಕೊಡುವ ಬಿಪಿಎಂ ನಂಬಬಹುದಾ?

ಬೇಡ. ಓವರ್ಚರ್ ಒಂದು ವೇಗದಲ್ಲಿ ಇರುವುದೇ ಇಲ್ಲ. ಮೊದಲು ನಿಧಾನ, ಗತ್ತಿನ ನಡಿಗೆ. ಆಮೇಲೆ ವೇಗವಾದ ಭಾಗ, ಒಂದು ವಾದ್ಯ ಧಾಟಿ ಶುರು ಮಾಡಿದರೆ ಇನ್ನೊಂದು ಅದನ್ನೇ ಹಿಂಬಾಲಿಸುತ್ತದೆ. ಕೊನೆಗೆ ಮತ್ತೆ ನಿಧಾನ. ಇದು ಫ್ರೆಂಚ್ ಪದ್ಧತಿ, ದೊರೆ ಹದಿನಾಲ್ಕನೇ ಲೂಯಿಯ ಆಸ್ಥಾನದಲ್ಲಿ ಸಂಗೀತ ರಚನಕಾರ ಲುಲ್ಲಿ ರೂಢಿಗೆ ತಂದದ್ದು. ಎರಡು ಬೇರೆ ವೇಗಗಳ ಸರಾಸರಿ ತೆಗೆದರೆ ಬರುವ ಅಂಕಿ ಅಲ್ಲಿ ಎಲ್ಲೂ ಕೇಳಿಸುವುದಿಲ್ಲ.

ಬಾಖ್ ತಾನೇ ವೇಗ ಬರೆದಿಲ್ವಾ?

ಅಂಕಿಯಲ್ಲಿ ಬರೆದಿಲ್ಲ. ಬರೆಯುವಂತೆಯೂ ಇರಲಿಲ್ಲ. ಬೀಟ್‌ನ ವೇಗ ತೋರಿಸುವ ಯಂತ್ರ ಮೆಟ್ರೊನೋಮ್‌ಗೆ ಮೆಲ್ಜೆಲ್ ಪೇಟೆಂಟ್ ಪಡೆದದ್ದು 1815ರಲ್ಲಿ. ಬಾಖ್ ತೀರಿಕೊಂಡದ್ದು 1750ರಲ್ಲಿ.

ಅವನಿಗೆ ಅದರ ಅಗತ್ಯವೂ ಇರಲಿಲ್ಲ ಅಂತ ನನಗನ್ನಿಸುತ್ತದೆ. ಹಾಳೆಯ ತಲೆಯ ಮೇಲೆ ‘ಮಿನುಯೆಟ್’ ಅಂತ ಬರೆದರೆ ಸಾಕಿತ್ತು. ಹೆಸರೇ ವೇಗ. ಹೆಸರೇ ಭಾವ. ಬಾಖ್‌ನ ಶಿಷ್ಯ ಕಿರ್ನ್‌ಬರ್ಗರ್ 1777ರಲ್ಲಿ ನೃತ್ಯ ಸಂಗೀತದ ಒಂದು ಸಂಗ್ರಹ ಹೊರತಂದ. ಸಂಗೀತ ಕಲಿಯುವವರು ನೃತ್ಯಗಳನ್ನು ನುಡಿಸಿ ನುಡಿಸಿ ಲಯ ಕಲಿಯಬೇಕು ಅನ್ನುವುದು ಅವನ ಪಾಠ.

ಅಂಕಿ ಬೇಕೇ ಬೇಕು ಅನ್ನುವವರಿಗೆ ಒಂದು ದಾರಿ ಇದೆ. ಕ್ವಾಂಟ್ಸ್ ಅನ್ನುವ ಕೊಳಲು ವಾದಕ, ಪ್ರಶ್ಯದ ದೊರೆ ಫ್ರೆಡರಿಕ್‌ನ ಗುರು, 1752ರಲ್ಲಿ ಕೊಳಲು ವಾದನದ ಬಗ್ಗೆ ದೊಡ್ಡ ಪುಸ್ತಕ ಬರೆದ. ಅದರಲ್ಲಿ ವೇಗದ ಅಳತೆಗೆ ಅವನು ಹಿಡಿದದ್ದು ನಾಡಿ. ಮಧ್ಯಾಹ್ನದ ಊಟದ ನಂತರ, ಸಂಜೆಯೊಳಗೆ, ಲವಲವಿಕೆಯಿಂದಿರುವ ಆರೋಗ್ಯವಂತನ ನಾಡಿ. ನಿಮಿಷಕ್ಕೆ ಸುಮಾರು 80 ಬಡಿತ. ಸರಬಾಂದ್‌ನಲ್ಲಿ ಬೀಟ್‌ಗೊಂದು ನಾಡಿ ಅನ್ನುತ್ತಾನೆ, ಅಂದರೆ 80. ಮಿನುಯೆಟ್‌ನಲ್ಲಿ ಎರಡು ಬೀಟ್‌ಗೆ ಒಂದು ನಾಡಿ, ಅಂದರೆ 160. ಬೂರೆಯಲ್ಲಿ ಇಡೀ ಬಾರ್‌ಗೆ ಒಂದೇ ನಾಡಿ. ಬಾರ್‌ಗೆ ಎರಡು ಬೀಟ್, ಹಾಗಾಗಿ ಅದೂ 160.

ಇವತ್ತಿನ ಹೆಚ್ಚಿನ ರೆಕಾರ್ಡಿಂಗ್‌ಗಳು ಇಷ್ಟು ವೇಗವಾಗಿ ಹೋಗುವುದಿಲ್ಲ. ಸರಬಾಂದ್ ಅಂತೂ 80ಕ್ಕಿಂತ ಎಷ್ಟೋ ನಿಧಾನವಾಗಿ ಕೇಳಿ ನಮಗೆ ಅಭ್ಯಾಸ. ಕ್ವಾಂಟ್ಸ್ ಹೇಳಿದ್ದೇ ಕೊನೆಯ ಮಾತು ಅಂತ ನಾನು ಹೇಳುವುದಿಲ್ಲ. ಅವನೇ ಅದನ್ನು ಅಂದಾಜು ಅಳತೆ ಅಂತ ಕೊಟ್ಟದ್ದು. ಆದರೆ ಹಳೇ ಕಾಲ ಅಂದರೆ ಎಲ್ಲ ನಿಧಾನ ಅನ್ನುವ ನಮ್ಮ ಕಲ್ಪನೆ ಸುಳ್ಳು ಅಂತ ಅದು ತೋರಿಸುತ್ತದೆ.

ಮಿನುಯೆಟ್‌ಗೆ 160 ಅಂದರೆ ಓಡಿದ ಹಾಗಾಗುವುದಿಲ್ವಾ?

ಕೈಯಲ್ಲಿ ತಾಳ ಹಾಕಿದರೆ ಹಾಗನ್ನಿಸುತ್ತದೆ. ಕಾಲಲ್ಲಿ ಹಾಕಿ ನೋಡಿ.

ಮಿನುಯೆಟ್ 3/4. ಆದರೆ ನೃತ್ಯದ ಹೆಜ್ಜೆ ಮೂರು ಬೀಟ್‌ಗೆ ಮುಗಿಯುವುದಿಲ್ಲ. ಒಂದು ಪೂರ್ತಿ ಮಿನುಯೆಟ್ ಹೆಜ್ಜೆಗೆ ಎರಡು ಬಾರ್ ಬೇಕು, ಆರು ಬೀಟ್. ಆ ಆರು ಬೀಟ್‌ನಲ್ಲಿ ಕಾಲು ಎತ್ತಿಡುವುದು ನಾಲ್ಕೇ ಸಲ. 160ರ ವೇಗದಲ್ಲಿ ಆರು ಬೀಟ್‌ಗೆ ಎರಡೂಕಾಲು ಸೆಕೆಂಡ್. ಎದ್ದು ನಿಂತು, ಎರಡೂಕಾಲು ಸೆಕೆಂಡಿನಲ್ಲಿ ನಾಲ್ಕು ಚಿಕ್ಕ ಹೆಜ್ಜೆ ಇಟ್ಟು ನೋಡಿ. ಆರಾಮಾಗಿ ಆಗುತ್ತದೆ. ಬದಲಿಗೆ ವೇಗವನ್ನು 90ಕ್ಕೆ ಇಳಿಸಿ. ಈಗ ಅದೇ ಹೆಜ್ಜೆಗೆ ನಾಲ್ಕು ಸೆಕೆಂಡ್. ಮುಂಗಾಲ ಮೇಲೆ ನಿಂತು ಕಾಯಬೇಕು, ಮೈ ವಾಲುತ್ತದೆ.

ಒಂದು ರೆಕಾರ್ಡಿಂಗ್‌ನ ವೇಗ ಸರಿಯಿದೆಯಾ ಅಂತ ನೋಡಲು ನಾನು ಈಗ ಇದನ್ನೇ ಮಾಡುವುದು. ಅಂಕಿ ಆಮೇಲೆ. ಮೊದಲು ಬಾಗಿಲು ಹಾಕಿಕೊಂಡು ನಾಲ್ಕು ಹೆಜ್ಜೆ.

ಸರಬಾಂದ್ ಕೇಳಿದಾಗ ತಾಳ ಕೈಗೆ ಸಿಗುವುದೇ ಇಲ್ಲ. ಯಾಕೆ?

ಯಾಕೆಂದರೆ ಭಾರ ಎರಡನೇ ಬೀಟ್ ಮೇಲೆ ಬೀಳುತ್ತದೆ. ಒಂದು, ಎರ–ಡು, ಮೂರು. ಮೊದಲನೆಯದು ಹೆಜ್ಜೆ ಇಟ್ಟ ಹಾಗೆ, ಎರಡನೆಯದು ಅಲ್ಲಿ ನಿಂತ ಹಾಗೆ. ಪ್ರತಿ ಬಾರ್‌ನಲ್ಲೂ ಅಲ್ಲ, ಆದರೆ ಸರಬಾಂದ್‌ನ ಗುರುತೇ ಅದು. ನಾವು ಸಮದಲ್ಲಿ ಪೆಟ್ಟು ಕಾಯುತ್ತೇವೆ. ಅದು ತಪ್ಪಿದಾಗ ತಾಳ ಜಾರಿದ ಹಾಗನ್ನಿಸುತ್ತದೆ.

ಈ ಸೂಟ್‌ನ ಸರಬಾಂದ್‌ನಲ್ಲಿ ಇನ್ನೂ ಒಂದು ಸಂಗತಿ ಇದೆ. ಮೇಲೆ ಕೊಳಲು ನುಡಿಸಿದ ಧಾಟಿಯನ್ನೇ ಕೆಳಗೆ ಚೆಲ್ಲೋ (ಕೆಳದನಿಯ ದೊಡ್ಡ ತಂತಿವಾದ್ಯ) ಸ್ವಲ್ಪ ತಡವಾಗಿ, ಬೇರೆ ಸ್ವರದಿಂದ ಶುರು ಮಾಡಿ ನುಡಿಸುತ್ತಾ ಹೋಗುತ್ತದೆ. ಕೊನೆಯವರೆಗೂ ಬಿಡುವುದಿಲ್ಲ. ಮೊದಲ ಸಲ ಕೇಳಿದಾಗ ಇದು ಗೊತ್ತಾಗುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೊಳಲನ್ನು ಬಿಟ್ಟು ಕೆಳಗಿನ ದನಿಯ ಹಿಂದೆ ಹೋಗಿ. ಇಬ್ಬರು ಮಾತಾಡದೆ ಒಂದೇ ದಾರಿಯಲ್ಲಿ ಹಿಂದೆ ಮುಂದೆ ನಡೆಯುತ್ತಿರುವ ಹಾಗಿದೆ. ವೇಗ ತುಂಬ ಇಳಿಸಿದರೆ ಈ ಹಿಂಬಾಲಿಸುವಿಕೆ ಕಿವಿಗೆ ಸಿಗುವುದಿಲ್ಲ, ಎಳೆ ಕಡಿದುಹೋಗುತ್ತದೆ. ಸರಬಾಂದ್ ಅಂದರೆ ದುಃಖ ಅಂದುಕೊಂಡು ಎಳೆದೆಳೆದು ನುಡಿಸುವ ರೆಕಾರ್ಡಿಂಗ್‌ಗಳ ಮೇಲೆ ನನಗಿರುವ ದೂರು ಇದೇ.

ಮೈನರ್ ಅಂದರೆ ದುಃಖ ಅಲ್ವಾ? ಬಾದಿನರಿ ಯಾಕೆ ಖುಷಿಯಾಗಿದೆ?

ಮೈನರ್ ಅಂದರೆ ದುಃಖ ಅನ್ನುವುದು ಅರ್ಧ ಸತ್ಯ. ಬಾದಿನರಿ ಪೂರ್ತಿ ಬಿ ಮೈನರ್‌ನ ತುಣುಕು. ಶುರು ಅಲ್ಲೇ. ಮೊದಲ ಭಾಗ ಎಫ್ ಶಾರ್ಪ್ ಮೈನರ್‌ಗೆ ಹೋಗಿ ನಿಲ್ಲುತ್ತದೆ, ಅದೂ ಮೈನರ್. ಎರಡನೇ ಭಾಗದಲ್ಲಿ ನಡುವೆ ಡಿ ಮೇಜರ್‌ನ ಬಿಸಿಲು ಬಂದು ಹೋಗುತ್ತದೆ, ಆಮೇಲೆ ಮನೆಗೆ ವಾಪಸ್. ಆದರೂ ಯಾರಿಗೂ ಇದನ್ನು ಕೇಳಿ ಅಳು ಬಂದದ್ದು ನಾನು ನೋಡಿಲ್ಲ.

ಹೆಸರೇ ಹೇಳುತ್ತದೆ. ಫ್ರೆಂಚಿನಲ್ಲಿ ಬಾದಿನರಿ ಅಂದರೆ ತಮಾಷೆ, ಚೇಷ್ಟೆ. ಅದರ ಮೊದಲ ಎರಡು ಬಾರ್ ಬಿಡಿಸಿ ನೋಡಿ. ಒಂದು ದೊಡ್ಡ ಸ್ವರ, ಎರಡು ಚಿಕ್ಕ ಸ್ವರ, ಮತ್ತೆ ಒಂದು ದೊಡ್ಡದು, ಎರಡು ಚಿಕ್ಕದು. ಮಗು ಮೆಟ್ಟಿಲಿಳಿಯುವ ಹಾಗೆ. ಸ್ವರಗಳು ಪಕ್ಕಪಕ್ಕಕ್ಕೆ ಜಾರುವುದಿಲ್ಲ, ಜಿಗಿಯುತ್ತವೆ. ಮೇಲಿನ ಬಿಯಿಂದ ಕೆಳಗಿನ ಬಿವರೆಗೆ ಬಿ, ಎಫ್ ಶಾರ್ಪ್, ಡಿ ಈ ಮೂರೇ ಮನೆಗಳಲ್ಲಿ ಹಾರಿ ಬರುತ್ತದೆ. ದುಃಖ ಜಿಗಿಯುವುದಿಲ್ಲ. ಇಲ್ಲಿ ಭಾವ ಹುಟ್ಟಿದ್ದು ಹೆಜ್ಜೆಯಿಂದ. ಮೈನರ್ ಕೀ ಅದಕ್ಕೆ ಒಂದು ಚೂರು ಖಾರ ಹಾಕಿದೆ, ಅಷ್ಟೆ.

ಇದೇ ಧಾಟಿಯನ್ನು 50ರ ವೇಗಕ್ಕೆ ಇಳಿಸಿ ಕೇಳಿ. ಅದೇ ಕೀ, ಅದೇ ಸ್ವರ. ಗುರುತೇ ಸಿಗದಷ್ಟು ಮಂಕಾಗುತ್ತದೆ. ‘ಸ್ಯಾಡ್’, ‘ಹ್ಯಾಪಿ’ ಅಂತ ಟ್ಯಾಗ್ ಹಾಕುವ ಆ್ಯಪ್‌ಗಳು ಮೈನರ್ ಕಂಡ ಕೂಡಲೇ ಒಂದು ಕಡೆಗೆ ವಾಲುತ್ತವೆ. ಈ ಸೂಟ್‌ಗೆ ಬಂದಾಗ ಆ ಟ್ಯಾಗ್ ನೋಡಬೇಡಿ.

ಹಾಗಾದರೆ ಆ ಕಾಲದವರು ಕೀಗೊಂದು ಭಾವ ಅಂತ ನಂಬಿರಲಿಲ್ವಾ?

ನಂಬಿದ್ದರು, ತುಂಬ ಗಟ್ಟಿಯಾಗಿ. ಫ್ರಾನ್ಸಿನ ಸಂಗೀತ ರಚನಕಾರ ಶಾರ್ಪಾಂತಿಯೆ 1690ರ ಸುಮಾರಿಗೆ ಒಂದು ಪಟ್ಟಿ ಮಾಡಿದ. ಬಿ ಮೈನರ್‌ಗೆ ಒಂಟಿತನ, ವಿಷಾದ. ಡಿ ಮೇಜರ್‌ಗೆ ಸಂತೋಷ, ಯುದ್ಧದ ಹುರುಪು. ಹ್ಯಾಂಬರ್ಗ್‌ನ ಸಂಗೀತ ಲೇಖಕ ಮಾಟಿಸನ್ 1713ರಲ್ಲಿ ಇನ್ನೊಂದು ಪಟ್ಟಿ ಕೊಟ್ಟ. ಅವನಿಗೂ ಬಿ ಮೈನರ್ ಅಂದರೆ ವಿಚಿತ್ರ, ಉತ್ಸಾಹವಿಲ್ಲದ್ದು, ವಿಷಾದದ್ದು.

ಅದೇ ಮಾಟಿಸನ್ 1739ರಲ್ಲಿ ನೃತ್ಯಗಳಿಗೂ ಭಾವ ಹೇಳಿದ. ಮಿನುಯೆಟ್‌ಗೆ ಹದವಾದ ನಲಿವು. ಗವೋಟ್‌ಗೆ ಉಕ್ಕುವ ಸಂತೋಷ. ಬೂರೆಗೆ ನೆಮ್ಮದಿ, ನಿಶ್ಚಿಂತೆ. ಕುರಾಂತ್‌ಗೆ ಸಿಹಿಯಾದ ಭರವಸೆ. ನನಗೆ ಈ ಪಟ್ಟಿ ಕೀಗಳ ಪಟ್ಟಿಗಿಂತ ಹತ್ತು ಪಟ್ಟು ಉಪಯೋಗಕ್ಕೆ ಬಂದಿದೆ. ಈಗ ಎರಡನ್ನೂ ಸೇರಿಸಿ ನೋಡಿ. ನಿಶ್ಚಿಂತೆಯ ಬೂರೆಯನ್ನು ಬಾಖ್ ಒಂಟಿತನದ ಬಿ ಮೈನರ್‌ನಲ್ಲಿ ಕೂರಿಸಿದ್ದಾನೆ. ಕಾಲು ಒಂದು ಹೇಳುತ್ತದೆ, ಸ್ವರ ಇನ್ನೊಂದು ಹೇಳುತ್ತದೆ. ಇಡೀ ಸೂಟ್‌ನ ರುಚಿ ಆ ಜಗ್ಗಾಟದಲ್ಲಿದೆ.

ಶ್ರುತಿ ಬದಲಾದರೂ ರಾಗ ಒಂದೇ ಅಂದಿರಿ. ಹಾಗಿದ್ದ ಮೇಲೆ ಕೀಗೊಂದು ಭಾವ ಹೇಗೆ ಬಂತು?

ಭಾಗವತರ ಹೋಲಿಕೆ ನಿಲ್ಲದಿರುವುದು ಇಲ್ಲೇ. ಇವತ್ತಿನ ಕೀಬೋರ್ಡಿನಲ್ಲಿ ಹನ್ನೆರಡು ಸ್ವರಗಳ ನಡುವಿನ ಅಂತರ ಸಮ. ಯಾವ ಕೀಯಲ್ಲಿ ನುಡಿಸಿದರೂ ಅಂತರ ಅದೇ. ಬರೋಕ್ ಕಾಲದ ಹಾರ್ಪ್ಸಿಕಾರ್ಡನ್ನು ಹಾಗೆ ಶ್ರುತಿ ಮಾಡುತ್ತಿರಲಿಲ್ಲ. ಸಿ, ಜಿ, ಎಫ್ ಇಂಥ ಹತ್ತಿರದ ಕೀಗಳು ಇಂಪಾಗಿ, ದೂರದವು ಸ್ವಲ್ಪ ಒರಟಾಗಿ ಬರುವ ಹಾಗೆ ಶ್ರುತಿ ಹಂಚುತ್ತಿದ್ದರು. ಬಿ ಮೈನರ್‌ನಲ್ಲಿ ಮನೆಗೆ ಮರಳುವ ಮುಂಚೆ ಎಫ್ ಶಾರ್ಪ್ ಮೇಜರ್ ಸ್ವರಮೇಳ ಬರಲೇಬೇಕು. ಆ ಶ್ರುತಿಯಲ್ಲಿ ಅದರ ಗಾಂಧಾರ ಸ್ವಲ್ಪ ಮೇಲೆ ಹತ್ತಿ ಕೂತಿರುತ್ತದೆ. ಕಿವಿಗೆ ಒಂದು ಚುರುಕು ಮುಟ್ಟುತ್ತದೆ. ಆಮೇಲೆ ಬಿಗೆ ಬಂದು ನಿಂತಾಗ ಹಾಯಾಗುತ್ತದೆ.

ವಾದ್ಯದ ಮಾತೂ ಇದೆ. ಆಗಿನ ಕೊಳಲಿಗೆ ಒಂದೇ ಒಂದು ಕೀಲಿ. ಉಳಿದದ್ದೆಲ್ಲ ತೆರೆದ ತೂತುಗಳು. ಅದರ ಸಹಜ ಮನೆ ಡಿ. ಡಿ ಮೇಜರ್‌ನ ಸ್ವರಗಳೇ ಇರುವ ಬಿ ಮೈನರ್ ಅದಕ್ಕೆ ಒಗ್ಗುತ್ತದೆ. ಈ ಸೂಟ್ ಮೊದಲು ಎ ಮೈನರ್‌ನಲ್ಲಿ, ಕೊಳಲಿಗೆ ಬದಲು ವಯೊಲಿನ್ ಮುಂದಿಟ್ಟು ಬರೆದದ್ದಿರಬೇಕು ಅಂತ ಸಂಶೋಧಕ ಜೋಶುವಾ ರಿಫ್ಕಿನ್ ವಾದಿಸಿದ್ದಾರೆ. ಹಾಗಿದ್ದರೆ ಕೀ ಬದಲಾದದ್ದು ಭಾವಕ್ಕಾಗಿ ಅಲ್ಲ, ಕೊಳಲಿಗಾಗಿ.

ಮೂರನೇ, ನಾಲ್ಕನೇ ಸೂಟ್ ಎರಡೂ ಡಿ ಮೇಜರ್. ಯಾಕೆ?

ಟ್ರಂಪೆಟ್. ಆಗಿನ ಟ್ರಂಪೆಟ್‌ಗೆ ಸ್ವರ ಬದಲಿಸುವ ವಾಲ್ವ್ ಇರಲಿಲ್ಲ, ಅದು ಬಂದದ್ದು 19ನೇ ಶತಮಾನದಲ್ಲಿ. ಉದ್ದದ ಕೊಳವೆ, ತುಟಿಯ ಬಿಗಿ, ಅಷ್ಟೆ. ಕೊಳವೆಯ ಉದ್ದ ಯಾವ ಕೀಗೆ ಇದೆಯೋ ಅದರ ಸ್ವರಗಳು ಮಾತ್ರ ಬರುತ್ತವೆ. ಸಾಮಾನ್ಯವಾಗಿ ಅದು ಡಿ. ಮೂರು ಟ್ರಂಪೆಟ್, ಎರಡು ನಗಾರಿ ಬೇಕು ಅಂದರೆ ಡಿ ಮೇಜರ್‌ಗೆ ಬರಬೇಕು. ‘ಯುದ್ಧದ ಹುರುಪಿನ ಕೀ’ ಅನ್ನುವ ಹೆಸರು ಅಲ್ಲಿಂದಲೇ ಬಂದಿರಬೇಕು.

1830ರಲ್ಲಿ ಇಪ್ಪತ್ತೊಂದರ ಹುಡುಗ, ಸಂಗೀತ ರಚನಕಾರ ಮೆಂಡೆಲ್ಸನ್, ಜರ್ಮನಿಯ ವೈಮಾರ್‌ನಲ್ಲಿ ಮುದಿ ಕವಿ ಗಯಟೆಗೆ ಮೂರನೇ ಸೂಟ್‌ನ ಓವರ್ಚರನ್ನು ಪಿಯಾನೊದಲ್ಲಿ ನುಡಿಸಿ ಕೇಳಿಸಿದ. ಸಿಂಗರಿಸಿಕೊಂಡ ಜನರ ಮೆರವಣಿಗೆ ದೊಡ್ಡ ಮೆಟ್ಟಿಲ ಸಾಲು ಇಳಿದು ಬರುವ ಹಾಗೆ ಕಾಣುತ್ತದೆ ಅಂದನಂತೆ ಗಯಟೆ. ಟ್ರಂಪೆಟ್ ಇಲ್ಲ, ನಗಾರಿ ಇಲ್ಲ, ಪಿಯಾನೊ ಒಂದೇ. ಆದರೂ ಅವನಿಗೆ ಕಂಡದ್ದು ನಡಿಗೆ.

‘ಏರ್ ಆನ್ ದ ಜಿ ಸ್ಟ್ರಿಂಗ್’ ಇದೇ ಸೂಟಿನದಾ?

ಮೂರನೆಯದರದು. ಅಲ್ಲಿ ಅದರ ಹೆಸರು ಬರೀ ‘ಏರ್’, ಕೀ ಡಿ ಮೇಜರ್. 1871ರಲ್ಲಿ ವಿಲ್‌ಹೆಲ್ಮಿ ಅನ್ನುವ ವಯೊಲಿನ್ ವಾದಕ ಅದನ್ನು ಸಿ ಮೇಜರ್‌ಗೆ ಇಳಿಸಿ, ವಯೊಲಿನ್‌ನ ದಪ್ಪ ಜಿ ತಂತಿಯೊಂದರಲ್ಲೇ ನುಡಿಸುವ ಹಾಗೆ ಮಾಡಿದ. ಮದುವೆಗಳಲ್ಲಿ ಕೇಳುವ ಆ ಗಾಢ ದನಿ ಅವನದು. ಮೂಲದಲ್ಲಿ ವಯೊಲಿನ್ ಮೇಲೆಲ್ಲೋ ತೇಲುತ್ತಿರುತ್ತದೆ, ಕೆಳಗೆ ಚೆಲ್ಲೋ ನಿಲ್ಲದೆ ನಡೆಯುತ್ತಿರುತ್ತದೆ. ಆ ನಡಿಗೆಗೆ ಕಿವಿ ಕೊಟ್ಟರೆ ಇದು ಅಷ್ಟೇನೂ ನಿಧಾನದ ತುಣುಕಲ್ಲ ಅಂತ ಗೊತ್ತಾಗುತ್ತದೆ.

ಎಲ್ಲ ತುಣುಕೂ ಒಂದೇ ಕೀಯಲ್ಲಿದ್ದರೆ ಬೇಜಾರಾಗುವುದಿಲ್ವಾ?

ಒಂದೇ ಶ್ರುತಿಯಲ್ಲಿ ಮೂರು ಗಂಟೆ ಕಛೇರಿ ಕೇಳುವ ನಮಗೆ ಈ ಪ್ರಶ್ನೆ ಬರಬಾರದು! ಸೂಟ್ ಕಟ್ಟುವುದೇ ಹಾಗೆ. ಕೀ ಒಂದೇ ಇಟ್ಟು ಹೆಜ್ಜೆ ಬದಲಿಸುವುದು.

ಇದನ್ನು ನಮ್ಮ ರಾಗಕ್ಕೆ ಹೋಲಿಸಬಹುದಾ?

ಸ್ವರಗಳ ಮಟ್ಟಿಗೆ ಹೋಲಿಸಬಹುದು. ಮೇಜರ್ ಅಂದರೆ ಶಂಕರಾಭರಣದ ಸ್ವರಗಳು. ಮೈನರ್‌ನ ಒಂದು ರೂಪ ನಠಭೈರವಿ, ಇನ್ನೊಂದು ಕೀರವಾಣಿ. ಅದಕ್ಕಿಂತ ಮುಂದೆ ಹೋಗಬೇಡಿ. ರಾಗಕ್ಕೆ ಗಮಕವಿದೆ, ಸಂಚಾರವಿದೆ. ಕೀಗೆ ಅದಿಲ್ಲ. ಕೀಗೆ ಇರುವುದು ಒಂದು ಮನೆ, ಅಲ್ಲಿಂದ ಹೊರಟು ಅಕ್ಕಪಕ್ಕದ ಮನೆಗಳಿಗೆ ಹೋಗಿಬರುವ ದಾರಿ.

ಹಳೇ ರೆಕಾರ್ಡಿಂಗ್‌ಗಳು ಯಾಕೆ ಅಷ್ಟು ಭಾರ, ಹೊಸವು ಯಾಕೆ ಅಷ್ಟು ಹಗುರ?

1950ರ ದಶಕದಲ್ಲಿ ಈ ಸೂಟ್‌ಗಳನ್ನು ದೊಡ್ಡ ಆರ್ಕೆಸ್ಟ್ರಾಗಳು, ಈಗಿನ ವಾದ್ಯಗಳಲ್ಲಿ, ಈಗಿನ ಶ್ರುತಿಯಲ್ಲಿ ನುಡಿಸುತ್ತಿದ್ದವು. 1954ರಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ಆಟೊ ಕ್ಲೆಂಪರರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ನಾಲ್ಕೂ ಸೂಟ್ ರೆಕಾರ್ಡ್ ಮಾಡಿದರು. ಈ ಆರ್ಕೆಸ್ಟ್ರಾಗೆ ನಮ್ಮ ಮೈಸೂರಿನ ಋಣವಿದೆ. ಅದು ಕಾಲೂರುವ ಕಾಲದಲ್ಲಿ ಹಣ ಕೊಟ್ಟು ನಿಲ್ಲಿಸಿದವರಲ್ಲಿ ಜಯಚಾಮರಾಜ ಒಡೆಯರ್ ಒಬ್ಬರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಕ್ಲೆಂಪರರ್ ಅವರ ಬಾಖ್ ಗಂಭೀರ, ಕಲ್ಲಿನ ಕಟ್ಟಡದ ಹಾಗೆ. ಕುಣಿಯಲಾಗದು. ಆದರೆ ಓವರ್ಚರ್‌ನ ಗತ್ತು ಅಲ್ಲಿ ಸಿಕ್ಕಷ್ಟು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅದೇ ಹೊತ್ತಿಗೆ, 1953ರಲ್ಲಿ, ನಿಕೊಲಾಸ್ ಹಾರ್ನೊನ್‌ಕೂರ್ ವಿಯೆನ್ನಾದಲ್ಲಿ ಹಳೇ ವಾದ್ಯಗಳ ತಂಡ ಕಟ್ಟಿದರು. 1960ರ ದಶಕದಲ್ಲಿ ಅವರು ಮಾಡಿದ ಈ ಸೂಟ್‌ಗಳ ರೆಕಾರ್ಡಿಂಗ್ ಬೇರೆಯದೇ ಲೋಕ. ಕರುಳಿನ ತಂತಿ, ಹಗುರ ಬಿಲ್ಲು, ಕಡಿಮೆ ಜನ. ಕರುಳಿನ ತಂತಿಯ ದನಿ ಬೇಗ ಆರುತ್ತದೆ. ಸ್ವರ ಸ್ವರದ ನಡುವೆ ಗಾಳಿ ಆಡುತ್ತದೆ. ಹಾಗಾಗಿ ವೇಗ ಹೆಚ್ಚಿದರೂ ಗಜಿಬಿಜಿ ಆಗುವುದಿಲ್ಲ. ವಾದ್ಯ ಬದಲಾದಾಗ ವೇಗವೂ ತಾನಾಗಿ ಬದಲಾಯಿತು.

ನನ್ನ ಪಟ್ಟಿಯಲ್ಲಿ ಇದನ್ನೆಲ್ಲ ಹೇಗೆ ಬರೆದಿಡಲಿ?

ನಾನು ಬರೆಯುವುದು ಹೀಗೆ: ‘ಬಾದಿನರಿ, ಬಿ ಮೈನರ್, ಶ್ರುತಿ 415, ಬೀಟ್ 120, ಪುನರಾವರ್ತನೆ ಇದೆ’. ಬರೆದ ಕೀ, ಕೇಳುವ ಶ್ರುತಿ, ಎರಡೂ ಇರಲಿ. ಭಾವದ ಜಾಗದಲ್ಲಿ ನೃತ್ಯದ ಹೆಸರು ಸಾಕು.

ಎಲ್ಲಿಂದ ಕೇಳಲು ಶುರು ಮಾಡಲಿ?

ಎಲ್ಲ ಬಾದಿನರಿಯಿಂದ ಶುರು ಮಾಡುತ್ತಾರೆ. ನೀವು ಅದಕ್ಕಿಂತ ಎರಡು ತುಣುಕು ಹಿಂದೆ ಹೋಗಿ, ಪೊಲೊನೇಸ್‌ಗೆ. ಪೋಲೆಂಡ್‌ನ ನಡಿಗೆ, ಎದೆ ಸೆಟೆಸಿ ಹಾಕುವ ಹೆಜ್ಜೆ. ಧಾಟಿ ಸರಳ. ಎರಡು ಸಲ ಕೇಳಿ, ಗುನುಗುವಷ್ಟು ಬಾಯಿಗೆ ಬರಲಿ. ಆಮೇಲೆ ಡಬಲ್ ಶುರುವಾಗುತ್ತದೆ. ಕೊಳಲು ಎಲ್ಲಿಲ್ಲದ ಹುರುಪಿನಲ್ಲಿ ಬಳ್ಳಿ ಹಬ್ಬಿಸುತ್ತಾ ಹೋಗುತ್ತದೆ. ಕಿವಿ ಅದರ ಹಿಂದೆ ಓಡುತ್ತದೆ. ಓಡಲು ಬಿಡಬೇಡಿ. ಕೆಳಗೆ ಚೆಲ್ಲೋ ಏನು ನುಡಿಸುತ್ತಿದೆ ಕೇಳಿ. ಈಗಷ್ಟೇ ನೀವು ಗುನುಗುತ್ತಿದ್ದ ಅದೇ ಧಾಟಿ.